ಮರಳಿ ಜಪಾನಿಗೆ

ಒಮ್ಮೆ ನೋಡಿಬಂದ ದೇಶಕ್ಕೆ ಮತ್ತೊಮ್ಮೆ ಹಣ ತೆತ್ತು ಹೋಗುವುದು ಸಂಸಾರಸ್ಥರಿಗೆ ಒಪ್ಪುವ ಕೆಲಸವೇ ಎಂದು ನಮ್ಮ ಬಂಧುಮಿತ್ರರಲ್ಲಿ ಹಲವರು ಕೇಳಿದರು. ಕಾಶಿ ರಾಮೇಶ್ವರಗಳಿಗಾದರೆ ಎಷ್ಟು ಸಲ ಹೋದರೂ ಪುಣ್ಯವುಂಟು. ಜಪಾನಿಗೆ ಎರಡನೆಯ ಸಲ ಹೋದರೆ ಬರತಕ್ಕದ್ದೇನು ಎಂಬುದು ಅವರ ಮಾತಿನ ತಾತ್ಪರ್ಯ. ಪ್ರಶ್ನೆ ನ್ಯಾಯವಾದುದೇ. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನನ್ನು ನೋಡಿಬಂದು, 1919ರಲ್ಲಿ ಮತ್ತೆ ಅಲ್ಲಿಗೆ ಹೋದರೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿದಿರಬಹುದು. ಅವರಿಗೆ ಒಂದು ಸೀಮೆಯ ಕೈಗಾರಿಕೆ ವಿದ್ಯಾಭ್ಯಾಸಗಳ ಚಿಂತೆಯಿದ್ದಿತು. ನಮಗೆ ಅಂತಹ ಘನವಾದ ಉದ್ದೇಶವೊಂದೂ ಇರಲಿಲ್ಲ. ನಾವು ಮತ್ತೆ ಹೋದುದಕ್ಕೆ ಕಾರಣ ನಮ್ಮ ಯಜಮಾನರ ಕಣ್ಣು.

ಮೊದಲನೆಯ ಸಲ ಹೋದದ್ದು 2014ನೆಯ ಇಸವಿಯ ಏಪ್ರಿಲ್ ತಿಂಗಳಿನ ಆದಿಯಲ್ಲಿ, ಚೆರ್ರಿ ಹೂವಿನ ಕಾಲದಲ್ಲಿ. ಹತ್ತು ದಿನಗಳಲ್ಲಿ ಐದು ಊರು. ಕ್ಯೋಟೊ, ನಾರಾ, ಹಿರೋಷಿಮಾ ಎಂದು ಓಡಿದ್ದೇ ಓಡಿದ್ದು. ನೋಡಿದ್ದಕ್ಕಿಂತ ಭಾವಚಿತ್ರ ಹಿಡಿದದ್ದೇ ಹೆಚ್ಚು. ಆಮೇಲೆ ಐದಾರು ವರ್ಷಗಳಲ್ಲಿ ಯಜಮಾನರು ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಳ್ಳುವುದೂ, ಪಕ್ಕದಲ್ಲಿಟ್ಟ ನೀರಿನ ಲೋಟವನ್ನು ಉರುಳಿಸುವುದೂ ಮೊದಲಾಯಿತು. ವಯಸ್ಸಿನ ಅಜಾಗರೂಕತೆಯೆಂದು ಮನೆಯವರೆಲ್ಲರೂ ನಗುತ್ತಿದ್ದೆವು. ಕಣ್ಣಿನ ವೈದ್ಯರು ಪರೀಕ್ಷಿಸಿ ಗ್ಲಾಕೋಮ ಎಂದರು.

ಈ ವ್ಯಾಧಿಯ ಸ್ವಭಾವವನ್ನು ಎರಡು ಮಾತಿನಲ್ಲಿ ಹೇಳಿಬಿಡುವುದು ಒಳ್ಳೆಯದು. ಕಣ್ಣಿನಿಂದ ಮೆದುಳಿಗೆ ಹೋಗುವ ನರವು ಮೆಲ್ಲಮೆಲ್ಲನೆ ಕ್ಷೀಣಿಸುತ್ತದೆ. ಸಾಮಾನ್ಯವಾಗಿ ಕಣ್ಣಿನೊಳಗಿನ ಒತ್ತಡ ಹೆಚ್ಚಿದುದರಿಂದ ಹೀಗಾಗುವುದಾದರೂ, ಒತ್ತಡ ಸರಿಯಾಗಿದ್ದವರಿಗೂ ಬರುವುದುಂಟು. ಮೊದಲು ಹೋಗುವುದು ಪಕ್ಕದ ನೋಟ. ನೇರ ನೋಟ ಕೊನೆಯ ತನಕ ಉಳಿಯುವುದರಿಂದ ಪತ್ರಿಕೆ ಓದುತ್ತಿದ್ದವನಿಗೆ ತನ್ನ ಕಣ್ಣು ಕೆಡುತ್ತಿದೆಯೆಂಬುದೇ ತಿಳಿಯುವುದಿಲ್ಲ. ನೋವೂ ಇಲ್ಲ. ಹೋದ ನೋಟ ಮರಳಿ ಬಾರದು. ಉಳಿದುದನ್ನು ಔಷಧದ ಹನಿಗಳಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಕಾಪಾಡಿಕೊಳ್ಳಬಹುದಷ್ಟೆ. ಜಪಾನಿನ ತಾಜಿಮಿ ಎಂಬ ಊರಿನಲ್ಲಿ 2000–2001ರಲ್ಲಿ ನಡೆದ ಪ್ರಸಿದ್ಧವಾದ ಪರೀಕ್ಷೆಯಲ್ಲಿ, 40 ವರ್ಷ ದಾಟಿದವರಲ್ಲಿ ನೂರಕ್ಕೆ ಐವರಿಗೆ ಈ ವ್ಯಾಧಿ ಕಂಡುಬಂದಿತು; ಅವರಲ್ಲಿ ಬಹುಮಂದಿಗೆ ಅದುವರೆಗೆ ಅದರ ಸುಳಿವೇ ಇರಲಿಲ್ಲ. ತಂದೆತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಇದು ಇದ್ದರೆ ಮನೆಯ ಉಳಿದವರು ನಲವತ್ತರ ಹೊತ್ತಿಗೆ ತಪ್ಪದೆ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಯಜಮಾನರ ತಂದೆಯವರು ಕಡೆಗಾಲದಲ್ಲಿ ಗೋಡೆ ಹಿಡಿದು ನಡೆಯುತ್ತಿದ್ದರು. ಆ ಕಾಲದಲ್ಲಿ ಅದಕ್ಕೆ ಹೆಸರಿಟ್ಟವರಿಲ್ಲ.

2024ರ ಬೇಸಗೆಯ ಹೊತ್ತಿಗೆ ಯಜಮಾನರಿಗೆ ಉಳಿದಿದ್ದ ನೋಟವೆಂದರೆ ಕೊಳವೆಯೊಳಗಿಂದ ನೋಡಿದಷ್ಟು. ವೈದ್ಯರು ಒಂದು ಬಿಳಿಯ ಕೋಲನ್ನು ಕೊಡಿಸಿದ್ದರು. ನಾಲ್ಕು ತುಂಡಾಗಿ ಮಡಿಚುವ ಹಗುರವಾದ ಕೋಲು. ಅದು ಆರು ತಿಂಗಳ ಕಾಲ ಬೀರುವಿನಲ್ಲಿ ಶಾಲುಗಳ ಕೆಳಗೆ ಮಲಗಿತ್ತು. “ಬೀದಿಯವರ ಮುಂದೆ ಅದನ್ನು ಹಿಡಿದು ಹೋಗುವುದಕ್ಕಿಂತ ಮನೆಯಲ್ಲೇ ಕೂತಿರುತ್ತೇನೆ” ಎಂದರು, ಕೂತೂ ಬಿಟ್ಟರು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು, ಬೀದಿಯ ಅರ್ಧ ಮಂದಿ ಅವರ ಶಿಷ್ಯರು. ಹೀಗಿರಲು ಒಂದು ರಾತ್ರಿ ತಾವಾಗಿಯೇ, “ಕಾಣುವಷ್ಟು ಕಾಣುವಾಗಲೇ ಜಪಾನನ್ನು ಇನ್ನೊಮ್ಮೆ ನೋಡಬೇಕು” ಎಂದರು. ಶಿವಮೊಗ್ಗೆಯಲ್ಲಿರುವ ಮಗಳು ದೂರವಾಣಿಯಲ್ಲಿ ಗಾಬರಿಯಿಂದ, “ಅಮ್ಮಾ, ಅಪ್ಪನಿಗೆ ನಮ್ಮ ಮನೆಯ ಮೆಟ್ಟಿಲೇ ಕಾಣುವುದಿಲ್ಲ, ನೀವಾದರೂ ಬುದ್ಧಿ ಹೇಳಬಾರದೇ?” ಎಂದಳು. ನಾವು ಬುದ್ಧಿ ಹೇಳಲಿಲ್ಲ. ಆ ಬಯಕೆಯನ್ನು ಬೇಡವೆನ್ನುವ ಧೈರ್ಯ ನಮಗಿರಲಿಲ್ಲ.

ನವೆಂಬರಿನಲ್ಲಿ ಹೊರಟೆವು. ಮೊದಲ ಸಲ ಸಿಂಗಪುರದಲ್ಲಿ ಇಳಿದು ಬೇರೆ ವಿಮಾನ ಹಿಡಿದಿದ್ದೆವು. ಈಗ ಬೆಂಗಳೂರಿನಿಂದ ಟೋಕಿಯೊ ಬಳಿಯ ನಾರಿಟಾಕ್ಕೆ ನೇರ ವಿಮಾನವುಂಟು. ಕಣ್ಣಿನ ಹನಿಗಳನ್ನು ಪೆಟ್ಟಿಗೆಯಲ್ಲಿ ಕಳುಹಿಸದೆ ಕೈಚೀಲದಲ್ಲಿಯೇ ಇಟ್ಟುಕೊಂಡು, ಜೊತೆಗೆ ವೈದ್ಯರ ಚೀಟಿಯನ್ನೂ ಇಟ್ಟುಕೊಂಡೆವು. ಮೈಸೂರಿನ ರಾತ್ರಿ 9 ಘಂಟೆಯೆಂದರೆ ಅಲ್ಲಿ 12 ಘಂಟೆ 30 ನಿಮಿಷ. ಹನಿ ಹಾಕುವ ಹೊತ್ತನ್ನು ಹೇಗೆ ಬದಲಾಯಿಸಬೇಕೆಂದು ಮೊದಲೇ ಕೇಳಿ ಬರೆಸಿಕೊಂಡದ್ದು ಬಹಳ ಉಪಯೋಗಕ್ಕೆ ಬಂದಿತು. ಹುಳಿಪುಡಿ, ಮೆಂತ್ಯದ ಹಿಟ್ಟು, ಅವಲಕ್ಕಿಗಳ ಸಂಗತಿ ಗೃಹಿಣಿಯರಿಗೆ ಹೇಳಬೇಕಾದುದಿಲ್ಲ.

ನಾರಿಟಾದಲ್ಲಿ ಇಳಿದು ರೈಲಿನ ಕಡೆಗೆ ನಡೆಯುವಾಗ ಯಜಮಾನರು ಹಠಾತ್ತನೆ ನಿಂತರು. ಕಾಲಡಿಯಲ್ಲಿ ಹಳದಿ ಬಣ್ಣದ ಒಂದು ಪಟ್ಟೆ, ಉಬ್ಬುಗೆರೆಗಳುಳ್ಳ ಬಿಲ್ಲೆಗಳನ್ನು ಸಾಲಾಗಿ ಹಾಸಿದ್ದು. ಹತ್ತು ವರ್ಷದ ಹಿಂದೆಯೂ ಅದು ಇದ್ದಿತು. ಆಗ ನಮ್ಮ ಕಣ್ಣು ಹೂವಿನ ಮೇಲಿತ್ತು, ನೆಲದ ಮೇಲೆ ಇರಬೇಕಾದ ಕಾರಣವಿರಲಿಲ್ಲ. ಯಜಮಾನರು ಪಾದರಕ್ಷೆಯ ಅಡಿಯಿಂದಲೇ ಅದನ್ನು ತಡವುತ್ತಾ ಇಪ್ಪತ್ತು ಹೆಜ್ಜೆ ನಡೆದರು. ಗೆರೆಗಳು ನಿಂತು ಗುಂಡುಗುಂಡಾದ ಚುಕ್ಕೆಗಳು ಬಂದವು. ಅಲ್ಲಿ ನಿಂತರು. ಮುಂದೆ ಮೆಟ್ಟಿಲಿತ್ತು.

ಆ ಬಿಲ್ಲೆಗಳ ಭಾಷೆಯಲ್ಲಿ ಇರುವುದು ಎರಡೇ ಅಕ್ಷರ. ಗೆರೆಯೆಂದರೆ ನಡೆ, ಚುಕ್ಕೆಯೆಂದರೆ ನಿಲ್ಲು, ಎಚ್ಚರ. ದಾರಿ ಒಡೆಯುವಲ್ಲಿ, ಮೆಟ್ಟಿಲ ಮೇಲೂ ಕೆಳಗೂ, ರಸ್ತೆ ದಾಟುವಲ್ಲಿ, ರೈಲುಕಟ್ಟೆಯ ಅಂಚಿನಲ್ಲಿ ಚುಕ್ಕೆಗಳಿರುವುವು. ಹಳದಿ ಬಣ್ಣವೇಕೆಂದರೆ, ಪೂರ್ತಿ ಕುರುಡರಲ್ಲದೆ ಮಸುಕಾಗಿ ಕಾಣುವವರಿಗೆ ಕಪ್ಪು ನೆಲದ ಮೇಲೆ ಆ ಬಣ್ಣವೇ ಹೆಚ್ಚು ಗೋಚರಿಸುವುದು. ಟೋಕಿಯೊ ನಿಲ್ದಾಣದ ಜನಪ್ರವಾಹದಲ್ಲಿ ನಾವು ಅವರ ಮೊಳಕೈಯನ್ನು ಬಿಗಿಯಾಗಿ ಹಿಡಿದಿದ್ದೆವು. ಎಡಬಲದಿಂದ ಬಂದವರು ಅವರಿಗೆ ಕಾಣದೆ, ಇವರು ಬರುವರೆಂದು ಅವರಿಗೂ ತಿಳಿಯದೆ, ಎರಡು ಮೂರು ಸಲ ಡಿಕ್ಕಿಯಾಯಿತು. ಯಜಮಾನರು ಕಂಬದ ಮರೆಗೆ ಸರಿದು ಚೀಲವನ್ನು ತೆರೆದು ಕೋಲನ್ನು ಹೊರತೆಗೆದರು. ನಾವು ಅದನ್ನು ಇಟ್ಟಿರಲಿಲ್ಲ. ಶಾಲುಗಳ ಕೆಳಗಿನಿಂದ ಅವರೇ ತೆಗೆದು ಇಟ್ಟುಕೊಂಡಿದ್ದರೆಂದು ತೋರುತ್ತದೆ. ಕೋಲು ಟಕಟಕನೆ ಬಿಚ್ಚಿಕೊಂಡಿತು. ಗುರುತಿನವರಿಲ್ಲದ ಊರಿನಲ್ಲಿ ಯಾರ ಮುಂದೆ ನಾಚಬೇಕು? ಕೋಲು ನೆಲಕ್ಕೆ ತಗುಲಿದೊಡನೆ ಎದುರಿನ ಜನ ಮಾತಿಲ್ಲದೆ ಎರಡು ಸೀಳಾಗಿ ದಾರಿ ಬಿಟ್ಟಿತು.

ಬೀದಿಯನ್ನು ದಾಟುವುದಕ್ಕೆ ಅಲ್ಲಿ ಹಕ್ಕಿಗಳ ಸಹಾಯವುಂಟು. ದೀಪ ಹಸುರಾದಾಗ ಒಂದು ದಿಕ್ಕಿಗೆ ಕೋಗಿಲೆಯ ಜಾತಿಯ ಹಕ್ಕಿಯ ಕೂಗು, ಅಡ್ಡ ದಿಕ್ಕಿಗೆ ಮರಿಹಕ್ಕಿಯ ಚಿಲಿಪಿಲಿ, ಯಂತ್ರದಿಂದ ಹೊರಡುತ್ತದೆ. ಯಾವ ಕಡೆಯ ದಾರಿ ತೆರೆದಿದೆಯೆಂದು ಕಿವಿಯಿಂದಲೇ ತಿಳಿಯಬಹುದು. ಹಲವು ರೈಲು ನಿಲ್ದಾಣಗಳಲ್ಲಿ ಮೆಟ್ಟಿಲಿರುವ ಸ್ಥಳವನ್ನು ಸೂಚಿಸಲು ಕೂಡ ಹಕ್ಕಿಯ ದನಿಯನ್ನು ಇಟ್ಟಿದ್ದಾರೆ. ಮೊದಲ ಸಲ ಇದನ್ನು ಕೇಳಿ ನಿಜವಾದ ಹಕ್ಕಿಯನ್ನು ಹುಡುಕುತ್ತ ತಲೆಯೆತ್ತಿದ್ದೆವೆಂದು ಯಜಮಾನರು ನೆನಪು ಮಾಡಿಕೊಂಡು ನಕ್ಕರು.

ವಾಚಕರಿಗೆ ದೇವಾಲಯ, ಉದ್ಯಾನಗಳಿಗಿಂತ ಸ್ನಾನದ ಮನೆಯ ಸಂಗತಿಯನ್ನು ಹೇಳುವುದು ಹಗುರವಾಗಿ ಕಂಡೀತು. ಆದರೂ ಹೇಳದಿರಲಾರೆವು. ತಂಗಿದ್ದ ಮನೆಯಲ್ಲಿ ತಲೆಗೆ ಹಾಕುವ ಶಾಂಪೂ, ಆಮೇಲೆ ಕೂದಲಿಗೆ ಹಚ್ಚುವ ಕಂಡಿಷನರ್ ಎರಡೂ ಒಂದೇ ಆಕಾರದ ಶೀಸೆಗಳಲ್ಲಿದ್ದುವು. ಸ್ನಾನಕ್ಕೆ ಹೋದ ಯಜಮಾನರು ಒಳಗಿನಿಂದಲೇ ಕೂಗಿ, “ಇವುಗಳಲ್ಲಿ ಒಂದಕ್ಕೆ ಪಕ್ಕದಲ್ಲಿ ಹಲ್ಲುಹಲ್ಲಾಗಿದೆ, ಏನೆಂದು ಕೇಳಿ ನೋಡು” ಎಂದರು. ವಿಚಾರಿಸಲಾಗಿ, ಹಲ್ಲಿರುವುದು ಶಾಂಪೂ. ಕಣ್ಣು ಕಾಣದವರಿಗೂ, ಕಣ್ಣು ಮುಚ್ಚಿ ತಲೆ ತೊಳೆಯುವ ಎಲ್ಲರಿಗೂ ಗುರುತಾಗಲೆಂದು ಕಾವೋ ಎಂಬ ಕಂಪನಿಯವರು 1991ರಲ್ಲಿ ಇದನ್ನು ಆರಂಭಿಸಿದರು. ಒಂದೊಂದು ಕಂಪನಿಯದು ಒಂದೊಂದು ಗುರುತಾದರೆ ಪ್ರಯೋಜನವಿಲ್ಲವೆಂದು ತಮ್ಮ ಹಕ್ಕನ್ನು ಬಿಟ್ಟುಕೊಟ್ಟು, ಉಳಿದವರೂ ಅದನ್ನೇ ಅನುಸರಿಸುವಂತೆ ಮಾಡಿದರು. ಹಾಲಿನ ಕಾಗದದ ಪೆಟ್ಟಿಗೆಯ ನೆತ್ತಿಯಲ್ಲಿ ಅರ್ಧಚಂದ್ರಾಕಾರದ ಒಂದು ಕಚ್ಚು. ಇದ್ದರೆ ಅಪ್ಪಟ ಹಾಲು, ಹಣ್ಣಿನ ರಸ ಮೊದಲಾದುವಕ್ಕೆ ಅದಿಲ್ಲ. ಪೆಟ್ಟಿಗೆಯನ್ನು ತೆರೆಯಬೇಕಾದದ್ದು ಕಚ್ಚಿನ ಎದುರು ಕಡೆಯಿಂದ. ಮದ್ಯದ ಡಬ್ಬಿಗಳ ಮೇಲೆ ಬ್ರೈಲ್ ಲಿಪಿಯಲ್ಲಿ ಮದ್ಯವೆಂದು ಒತ್ತಿರುವುದನ್ನು ಅಂಗಡಿಯಲ್ಲಿಯೇ ತಡವಿ ನೋಡಿ, ಅಲ್ಲಿಯೇ ಇಟ್ಟು ಬಂದೆವು.

ಹಣದ ನೋಟುಗಳಲ್ಲಿಯೂ ಹೀಗೆಯೇ. 2024ರ ಜುಲೈ 3ರಂದು ಹೊರಟ ಹೊಸ ನೋಟುಗಳಲ್ಲಿ ಬೆರಳಿಗೆ ತಗುಲುವ ಓರೆಗೆರೆಗಳನ್ನು ಒಂದೊಂದು ಬೆಲೆಯ ನೋಟಿಗೆ ಒಂದೊಂದು ಸ್ಥಳದಲ್ಲಿ ಅಚ್ಚು ಮಾಡಿದ್ದಾರೆ. 5,000 ಯೆನ್ನಿನ ನೋಟಿನ ಮೇಲೆ ಇರುವವಳು ತ್ಸುದಾ ಉಮೆಕೊ. ಆರು ವರ್ಷದ ಹಸುಳೆಯಾಗಿದ್ದಾಗ 1871ರಲ್ಲಿ ಸರ್ಕಾರದವರು ಅಮೆರಿಕಕ್ಕೆ ವಿದ್ಯಾಭ್ಯಾಸಕ್ಕೆ ಕಳುಹಿಸಿದ ಐವರು ಹೆಣ್ಣುಮಕ್ಕಳಲ್ಲಿ ಕಿರಿಯಳು, 1900ರಲ್ಲಿ ಟೋಕಿಯೊವಿನಲ್ಲಿ ಸ್ತ್ರೀಯರಿಗಾಗಿ ಇಂಗ್ಲಿಷ್ ಶಾಲೆಯನ್ನು ತೆರೆದ ಮಹನೀಯಳು. ನಮ್ಮ ದೇಶದ ನೋಟುಗಳಲ್ಲಿ ಇಂತಹ ಏರ್ಪಾಡಿಲ್ಲವೆಂದು ಭಾವಿಸಬಾರದು. 100 ರೂಪಾಯಿಯ ನೋಟಿನಲ್ಲಿ ಉಬ್ಬಿದ ತ್ರಿಕೋನವೂ 500 ರೂಪಾಯಿಯದರಲ್ಲಿ ವೃತ್ತವೂ ಉಂಟು. ಅಂಚಿನಲ್ಲಿ ಮೊದಲನೆಯದಕ್ಕೆ ನಾಲ್ಕು, ಎರಡನೆಯದಕ್ಕೆ ಐದು ಗೆರೆಗಳುಂಟು. ಈ ಪತ್ರಿಕೆಯನ್ನು ಒಂದು ನಿಮಿಷ ಕೆಳಗಿಟ್ಟು ಕಣ್ಣು ಮುಚ್ಚಿಕೊಂಡು ಹೊಸ ನೋಟೊಂದನ್ನು ತಡವಿ ನೋಡಿರಿ. ಹಳೆಯ ನೋಟಿನಲ್ಲಿ ಮಾತ್ರ ಉಬ್ಬು ಸವೆದುಹೋಗಿರುತ್ತದೆ.

ಟೋಕಿಯೊವಿನಿಂದ ಒಂದು ಘಂಟೆಯ ಪ್ರಯಾಣದಲ್ಲಿ ಎನೊಷಿಮಾ ಎಂಬ ಸಣ್ಣ ದ್ವೀಪವಿದೆ. ಸೇತುವೆಯ ಮೇಲೆ ನಡೆದೇ ಹೋಗಬಹುದು. ಅಲ್ಲಿಯ ದೇವತೆ ಬೆಂಜೈತೆನ್. ಹೆಸರು ಬೇರೆಯಾದರೂ ಈಕೆ ನಮ್ಮ ಸರಸ್ವತಿಯೇ. ಬೌದ್ಧ ಗ್ರಂಥಗಳೊಡನೆ ಚೀನದ ಮೂಲಕ ಜಪಾನಿಗೆ ಹೋದವಳು. ಕೈಯಲ್ಲಿ ವೀಣೆಗೆ ಬದಲಾಗಿ ಬಿವಾ ಎಂಬ ತಂತೀವಾದ್ಯ. ಸರಸ್ವತಿ ನದಿಯೂ ಆದ್ದರಿಂದಲೋ ಏನೋ ಅಲ್ಲಿ ಆಕೆಯ ಗುಡಿಗಳೆಲ್ಲ ಕೆರೆ ಕಡಲುಗಳ ಮಗ್ಗುಲಲ್ಲೇ. ಪೂರ್ವದಲ್ಲಿ ಬಿವಾ ನುಡಿಸುತ್ತ ವೀರಕಥೆಗಳನ್ನು ಹಾಡಿ ಊರೂರು ತಿರುಗುತ್ತಿದ್ದ ಕುರುಡ ಗಾಯಕರಿಗೆ ಈಕೆಯೇ ಆಶ್ರಯ. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನೂ ಪಂಚಾಕ್ಷರಿ ಗವಾಯಿಗಳನ್ನೂ ಬಲ್ಲ ನಮಗೆ ಈ ಸಂಬಂಧ ಹೊಸದಾಗಿ ತೋರಲಿಲ್ಲ.

ಹದಿನೇಳನೆಯ ಶತಮಾನದಲ್ಲಿ ಸುಗಿಯಾಮಾ ವಾಇಚಿ ಎಂಬ ಕುರುಡ ತರುಣನು ಸೂಜಿಚಿಕಿತ್ಸೆಯನ್ನು ಕಲಿಯಲು ಹೋಗಿ, ಮಂದಬುದ್ಧಿಯೆಂದು ಗುರುವಿನಿಂದ ಹೊರಹಾಕಲ್ಪಟ್ಟು, ಎನೊಷಿಮಾದ ಗುಹೆಯಲ್ಲಿ ದೇವಿಯ ಮುಂದೆ ಉಪವಾಸ ವ್ರತ ಹಿಡಿದನಂತೆ. ವ್ರತ ಮುಗಿಸಿ ಮರಳುವಾಗ ಕಲ್ಲೊಂದನ್ನು ಎಡವಿ ಬಿದ್ದನು. ಕೈಗೆ ಏನೋ ಚುಚ್ಚಿತು. ನೋಡಲಾಗಿ ಸುರುಳಿಯಾದ ಎಲೆಯೊಳಗೆ ಸೇರಿಕೊಂಡಿದ್ದ ಪೈನ್ ಮರದ ಸೂಜಿಯೆಲೆ. ಸಣ್ಣ ಕೊಳವೆಯೊಳಗೆ ಸೂಜಿಯನ್ನಿಟ್ಟು ಚುಚ್ಚಿದರೆ ಕಣ್ಣಿಲ್ಲದವನ ಕೈಯೂ ತಪ್ಪದೆಂಬ ಉಪಾಯ ಅವನಿಗೆ ಹೊಳೆದದ್ದು ಹೀಗೆಂದು ಕಥೆ. ಕಥೆ ಹೇಗಾದರೂ ಇರಲಿ. ಆ ಕೊಳವೆ ನಿಜ, ಇಂದಿಗೂ ಜಪಾನಿನ ಚಿಕಿತ್ಸಕರು ಬಳಸುವುದು ಅದನ್ನೇ. ಅವನು ಕುರುಡರಿಗೆ ಆ ವಿದ್ಯೆಯನ್ನು ಕಲಿಸುವ ಪಾಠಶಾಲೆಗಳನ್ನು ತೆರೆದನು. ಐದನೆಯ ಶೋಗುನ್ ತ್ಸುನಾಯೋಷಿಯು ಅವನಿಂದ ಗುಣ ಹೊಂದಿ, ಏನು ಬೇಕೆಂದು ಕೇಳಿದಾಗ, ಒಂದೇ ಒಂದು ಕಣ್ಣು ಬೇಕೆಂದನಂತೆ. ಪ್ರಭುವು ಯೋಚಿಸಿ ಎದೊ ನಗರದಲ್ಲಿ ‘ಒಂದನೆಯ ಕಣ್ಣು’ ಎಂದು ಅರ್ಥವಾಗುವ ಹೆಸರಿನ ಕೇರಿಯಲ್ಲಿ ಅವನಿಗೆ ಭೂಮಿಯನ್ನು ಕೊಟ್ಟನು. ರಾಜರ ಚಮತ್ಕಾರಗಳು ಎಲ್ಲ ದೇಶಗಳಲ್ಲಿಯೂ ಒಂದೇ ಬಗೆ! ವಾಇಚಿಯ ಸಮಾಧಿ ಎನೊಷಿಮಾದಲ್ಲಿಯೇ ಇದೆ. ಯಜಮಾನರು ಮೆಟ್ಟಿಲನ್ನು ಎಣಿಸುತ್ತ ಹತ್ತಿದರು. ನಡುವೆ ವೃದ್ಧರಿಗಾಗಿ ಚಲಿಸುವ ಮೆಟ್ಟಿಲುಂಟೆಂದು ಹೇಳಿದರೆ, ವಾಇಚಿಗೆ ಅದಿತ್ತೇ ಎಂದು ಕೇಳಿದರು. ಇಳಿಯುವಾಗ ಮಂಡಿ ಹಿಡಿದುಕೊಂಡರು.

ಟೋಕಿಯೊವಿನ ಷಿಬುಯಾ ಭಾಗದಲ್ಲಿ ಹನಾವಾ ಹೊಕಿಇಚಿಯ ಸ್ಮಾರಕಭವನವನ್ನೂ ನೋಡಿದೆವು. ಈತನು 1746ರಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡವನು. ಅಂಗಮರ್ದನ, ಸಂಗೀತ ಯಾವುದೂ ಕೈಗೆ ಹತ್ತದೆ, ಇತರರಿಂದ ಗ್ರಂಥಗಳನ್ನು ಓದಿಸಿ ಕೇಳಿ ನೆನಪಿನಲ್ಲಿ ಇಟ್ಟುಕೊಳ್ಳುತ್ತ, ಚದುರಿಹೋಗುತ್ತಿದ್ದ ಹಳೆಯ ಗ್ರಂಥಗಳನ್ನು ಒಟ್ಟುಗೂಡಿಸಿ ಗುನ್ಷೊ ರುಯಿಜು ಎಂಬ ಮಹಾಸಂಗ್ರಹವನ್ನು ಅಚ್ಚು ಹಾಕಿಸಿದನು. 1779ರಲ್ಲಿ ಸಂಕಲ್ಪ ಮಾಡಿದ ಕೆಲಸ ಮುಗಿದದ್ದು 1819ರಲ್ಲಿ. ಎರಡು ವರ್ಷದ ಮೇಲೆ ಅವನು ಕಾಲವಾದನು. ಅಕ್ಷರಗಳನ್ನು ತಿರುವುಮುರುವಾಗಿ ಕೆತ್ತಿದ 17,000ಕ್ಕೂ ಮಿಕ್ಕ ಮರದ ಹಲಗೆಗಳು ಆ ಭವನದಲ್ಲಿ ಇಂದಿಗೂ ಭದ್ರವಾಗಿವೆ. ಹೆಲೆನ್ ಕೆಲ್ಲರಳು 1937ರಲ್ಲಿ ಇಲ್ಲಿಗೆ ಬಂದು ಹೊಕಿಇಚಿಯ ಪ್ರತಿಮೆಯನ್ನು ಕೈಯಿಂದ ತಡವಿದಳು. ಚಿಕ್ಕವಳಾಗಿದ್ದಾಗ ತಾಯಿಯು ಅವಳಿಗೆ ಈತನನ್ನು ಮಾದರಿಯಾಗಿ ಹೇಳುತ್ತಿದ್ದಳಂತೆ. ಹೊಕಿಇಚಿಯನ್ನು ಕುರಿತು ಜಪಾನಿನ ಮಕ್ಕಳೆಲ್ಲರೂ ಬಲ್ಲ ಕಥೆಯೊಂದುಂಟು. ಒಂದು ರಾತ್ರಿ ಪಾಠ ಹೇಳುತ್ತಿರುವಾಗ ಗಾಳಿಗೆ ದೀಪ ಆರಿತು. ಶಿಷ್ಯರು ಗಲಿಬಿಲಿಗೊಂಡು ಸ್ವಲ್ಪ ನಿಲ್ಲಿಸಿರೆಂದು ಬೇಡಿದರು. ಕಣ್ಣಿರುವವರಿಗೆ ಎಷ್ಟೊಂದು ತೊಂದರೆಯಪ್ಪಾ ಎಂದು ಆತನು ನಕ್ಕನಂತೆ. ಮಾಸ್ತರಿಕೆ ಮಾಡಿದ ಯಜಮಾನರಿಗೆ ಈ ಕಥೆ ಬಹಳ ಹಿಡಿಸಿತು. ಆ ದಿನದಲ್ಲಿ ಮೂರು ಸಲ ಹೇಳಿದರು.

ನಮ್ಮ ಯಾತ್ರೆಯ ಮುಖ್ಯ ಸ್ಥಳವಾದ ಓಕಾಯಾಮಾ ಟೋಕಿಯೊವಿನಿಂದ 730 ಕಿಲೋಮೀಟರು ದೂರ. ಷಿಂಕಾನ್‌ಸೆನ್ ಎಂಬ ವೇಗದ ರೈಲಿಗೆ ಮೂರೂಕಾಲು ಘಂಟೆಯ ಹಾದಿ. ಟೋಕಿಯೊ ನಿಲ್ದಾಣದಲ್ಲಿ ಬಿಳಿಯ ಕೋಲನ್ನು ಕಂಡ ನೌಕರನೊಬ್ಬನು ತಾನಾಗಿಯೇ ಬಂದು ತನ್ನ ಮೊಳಕೈಯನ್ನು ಮುಂದೆ ಚಾಚಿದನು. ಕುರುಡರ ಕೈಯನ್ನು ನಾವು ಎಳೆಯಬಾರದು, ಅವರು ನಮ್ಮ ಕೈಯನ್ನು ಹಿಡಿಯುವಂತೆ ಮಾಡಬೇಕು, ಅರ್ಧ ಹೆಜ್ಜೆ ಮುಂದೆ ನಾವು ನಡೆಯಬೇಕು, ಇದು ಕ್ರಮ. ಇಷ್ಟು ತಿಂಗಳು ಎಳೆದುಕೊಂಡೇ ಹೋಗುತ್ತಿದ್ದ ನಾವು ಅವನ ನಡಗೆಯನ್ನು ಹಿಂದಿನಿಂದ ನೋಡಿ ಕಲಿತೆವು. ಅವನು ನಮ್ಮನ್ನು ಗಾಡಿಯಲ್ಲಿ ಕುಳ್ಳಿರಿಸಿ, ಓಕಾಯಾಮಾಕ್ಕೆ ದೂರವಾಣಿಯಲ್ಲಿ ತಿಳಿಸಿದನೆಂದು ಕಾಣುತ್ತದೆ; ಅಲ್ಲಿ ಬಾಗಿಲು ತೆರೆದಾಗ ಸರಿಯಾಗಿ ಅದೇ ಬಾಗಿಲೆದುರಿಗೆ ಇನ್ನೊಬ್ಬನು ನಿಂತಿದ್ದನು.

ಹಳದಿ ಬಿಲ್ಲೆಗಳು ಹುಟ್ಟಿದ್ದು ಈ ಊರಿನಲ್ಲಿ. ಇಲ್ಲಿ ವಸತಿಗೃಹವನ್ನು ನಡೆಸುತ್ತಿದ್ದ ಮಿಯಾಕೆ ಸೇಇಚಿ ಎಂಬಾತನಿಗೆ ದೃಷ್ಟಿಹೀನನಾದ ಒಬ್ಬ ಗೆಳೆಯನಿದ್ದನು. ಹಾವಸೆಯ ನೆಲ ಯಾವುದು, ಬರಿಯ ಮಣ್ಣು ಯಾವುದು ಎಂಬುದು ಪಾದರಕ್ಷೆಯ ಮೂಲಕವೇ ತಿಳಿಯುತ್ತದೆಂದು ಆ ಗೆಳೆಯನು ಹೇಳಿದ ಮಾತೇ ಮಿಯಾಕೆಗೆ ಬೀಜವಾಯಿತೆಂದು ಹೇಳುವರು. 1965ರಲ್ಲಿ ಬಿಲ್ಲೆಯನ್ನು ರೂಪಿಸಿದನು. 1967ರ ಮಾರ್ಚ್ 18ರಂದು ಕುರುಡರ ಶಾಲೆಯ ಬಳಿ ಹೆದ್ದಾರಿಯನ್ನು ದಾಟುವ ಎಡೆಯಲ್ಲಿ 230 ಬಿಲ್ಲೆಗಳನ್ನು ಮೊಟ್ಟಮೊದಲು ಹಾಸಲಾಯಿತು. ಮೊದಲ ವರ್ಷಗಳಲ್ಲಿ ಕೊಳ್ಳುವವರಿಲ್ಲದೆ, ಕೈಯಿಂದ ಹಣ ಹಾಕಿ ಊರೂರಿಗೆ ದಾನವಾಗಿ ಕಳುಹಿಸಿ ಮಿಯಾಕೆಯು ಬಹಳ ನಷ್ಟಪಟ್ಟನು. 1970ರಲ್ಲಿ ಒಸಾಕಾ ನಗರದ ಒಂದು ರೈಲು ನಿಲ್ದಾಣದಲ್ಲಿ ಇವನ್ನು ಹಾಸಿದರು. ಆಮೇಲೆ ದೇಶವೆಲ್ಲ ಹಬ್ಬಿತು. 1982ರಲ್ಲಿ ಅವನು ತೀರಿಕೊಂಡನು. ಮೊದಲ ಬಿಲ್ಲೆಗಳಿದ್ದ ಕೂಡುರಸ್ತೆಯಲ್ಲಿ ಈಗ ಒಂದು ಸ್ಮಾರಕಶಿಲೆಯಿದೆ.

ನಾವು ಅಲ್ಲಿಗೆ ಹೋದಾಗ ಮಧ್ಯಾಹ್ನ. ನೋಡುವುದಕ್ಕೆ ವಿಶೇಷವೇನೂ ಇಲ್ಲದ ರಸ್ತೆ, ಲಾರಿಗಳು, ಅಂಗಡಿಗಳು. ಅದೇ ಊರಿನ ಕೊರಾಕುಎನ್ ಉದ್ಯಾನ 1700ರಲ್ಲಿ ಪೂರ್ಣವಾದದ್ದು, ಜಪಾನಿನ ಮೂರು ಶ್ರೇಷ್ಠ ಉದ್ಯಾನಗಳಲ್ಲಿ ಒಂದೆಂದು ಖ್ಯಾತಿ ಪಡೆದದ್ದು. ಪ್ರವಾಸಿಗಳೆಲ್ಲ ಅಲ್ಲಿಗೆ ಹೋಗುವರು. ಯಜಮಾನರು ಆ ರಸ್ತೆಯ ಮೂಲೆಯಲ್ಲಿಯೇ ಅರ್ಧ ಘಂಟೆ ನಿಂತರು. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ, ನಮ್ಮ ಕೈಯನ್ನು ಹಿಡಿಯದೆ, ಕೋಲಿನಿಂದ ಚುಕ್ಕೆಗಳನ್ನು ಹುಡುಕಿಕೊಂಡು ನಾಲ್ಕು ಸಲ ದಾಟಿದರು. ನಾವು ಈಚೆಯಲ್ಲಿ ನಿಂತು ನೋಡುತ್ತಿದ್ದೆವು. ವರ್ಷದಿಂದ ಅವರನ್ನು ಒಬ್ಬರನ್ನೇ ರಸ್ತೆಗೆ ಬಿಟ್ಟಿರಲಿಲ್ಲ. ನಾಲ್ಕನೆಯ ಸಲ ಮರಳಿ ಬಂದು, “ಉದ್ಯಾನ ಎಲ್ಲಿದೆ, ನಡೆ” ಎಂದರು.

ಎಲ್ಲವೂ ಅಲ್ಲಿ ಸರಿಯಾಗಿದೆಯೆಂದು ಬರೆದರೆ ಅದು ಸತ್ಯವಾಗದು. ಹಳದಿ ಪಟ್ಟೆಯ ಮೇಲೆ ಸೈಕಲ್ಲುಗಳನ್ನು ನಿಲ್ಲಿಸುವವರು ಜಪಾನಿನಲ್ಲಿಯೂ ಇದ್ದಾರೆ. ನೆರೆಯವರ ನಿದ್ರೆಗೆ ಭಂಗವೆಂದು ಬೀದಿಯ ಹಕ್ಕಿದನಿಯನ್ನು ಅನೇಕ ಕಡೆ ರಾತ್ರಿ ನಿಲ್ಲಿಸಿಬಿಡುತ್ತಾರೆ. ಕಣ್ಣು ಕಾಣದವರಿಗೆ ರಾತ್ರಿಯಲ್ಲಿ ರಸ್ತೆ ಇಲ್ಲವೆಂದು ಅರ್ಥವೇ? 2016ರ ಆಗಸ್ಟಿನಲ್ಲಿ ಟೋಕಿಯೊವಿನ ಆಓಯಾಮಾ ಇಚ್ಚೋಮೆ ನಿಲ್ದಾಣದಲ್ಲಿ, ಮಾರ್ಗದರ್ಶಿ ನಾಯಿಯೊಡನೆ ನಡೆಯುತ್ತಿದ್ದ ಒಬ್ಬರು ಕಟ್ಟೆಯಿಂದ ಕೆಳಕ್ಕೆ ಬಿದ್ದು ರೈಲಿಗೆ ಸಿಕ್ಕಿ ಮೃತರಾದರು. ಹಳದಿ ಗೆರೆಯೊಂದೇ ಸಾಲದೆಂದು ಕಟ್ಟೆಗಳಿಗೆ ಬಾಗಿಲುಗಳನ್ನು ಕೂಡಿಸುವ ಕೆಲಸ ಅದರ ಮೇಲೆ ಇನ್ನೂ ಚುರುಕಾಯಿತು. ದಾರಿ ಬಿಡುವ ಜನರು ಬಹುಮಂದಿ. ಆದರೆ ಬಾಯಿ ತೆರೆದು ‘ಸಹಾಯ ಬೇಕೇ’ ಎನ್ನುವವರು ಕಡಮೆ. ಆ ಒಂದು ವಿಷಯದಲ್ಲಿ ನಮ್ಮ ಊರಿನವರೇ ಮೇಲು, ಕೇಳದಿದ್ದರೂ ಹತ್ತು ಸಲಹೆ ಕೊಡುತ್ತಾರೆ.

ಊಟದ ವಿಚಾರ. ಶಾಕಾಹಾರಿಗಳಿಗೆ ಅಲ್ಲಿಯ ಸಾರು ಅಪಾಯ. ನೋಟಕ್ಕೆ ತಿಳಿನೀರಿನಂತಿದ್ದರೂ ಒಣಗಿದ ಮೀನಿನಿಂದ ಮಾಡಿದ್ದಾಗಿರುತ್ತದೆ. ಕಡಲ ಪಾಚಿಯ ಸಾರೆಂದು ಕೇಳಿ ಖಚಿತ ಮಾಡಿಕೊಂಡೇ ಉಂಡೆವು. ಓಕಾಯಾಮಾದ ಬಿಡಾರದಲ್ಲಿ ಬಡಿಸಿದ ಮುದುಕಿಯು ಯಜಮಾನರ ಎದುರಿಗೆ ತಟ್ಟೆಯನ್ನಿಟ್ಟು, ಅವರ ಬೆರಳುಗಳನ್ನು ಮೆಲ್ಲನೆ ಒಂದೊಂದು ಬಟ್ಟಲಿಗೂ ಮುಟ್ಟಿಸಿದಳು: ಅನ್ನ ಎಡಕ್ಕೆ, ಸಾರು ಬಲಕ್ಕೆ, ಕಡ್ಡಿಗಳು ಮುಂದುಗಡೆ ಅಡ್ಡಲಾಗಿ. ಮರುದಿನವೂ ಹಾಗೆಯೇ, ಬೇರೆ ಊರಿನಲ್ಲಿಯೂ ಹಾಗೆಯೇ. ಆ ದೇಶದ ಕ್ರಮವೇ ಅದು. ಯಜಮಾನರು ಕೂಡಲೇ, “ಇದು ನಮ್ಮ ಬಾಳೆಯೆಲೆಯಲ್ಲವೇ?” ಎಂದರು. ಉಪ್ಪಿಗೊಂದು ಮೂಲೆ, ಉಪ್ಪಿನಕಾಯಿಗೊಂದು ಎಡೆ, ಕೋಸಂಬರಿ ಪಲ್ಯಗಳಿಗೆ ಮೇಲಿನ ಸಾಲು ಎಂದು ಎಲೆಯ ಮೇಲೆ ಪ್ರತಿಯೊಂದಕ್ಕೂ ಗೊತ್ತಾದ ಸ್ಥಳವಿದ್ದುದು ನಿಜ. ಸ್ಟೀಲಿನ ತಟ್ಟೆ ಬಂದ ಮೇಲೆ ಬಡಿಸುವವರ ಕೈ ಹೋದಲ್ಲಿ ಪಲ್ಯ.

ಮರಳುವ ಪ್ರಯಾಣ ಹೋದುದಕ್ಕಿಂತ ದೀರ್ಘವಾದದ್ದು. ಹೋಗುವಾಗ ಎಂಟು ಘಂಟೆ ಹಿಡಿದ ವಿಮಾನಕ್ಕೆ ಬರುವಾಗ ಹತ್ತು ಘಂಟೆಗೆ ಹತ್ತಿರ. ಕಾರಣ, ಎತ್ತರದ ಆಕಾಶದಲ್ಲಿ ಪಡುವಣಿಂದ ಮೂಡಣಕ್ಕೆ ಬಲವಾಗಿ ಬೀಸುವ ಗಾಳಿ. ಚಳಿಗಾಲದಲ್ಲಿ ಜಪಾನಿನ ಮೇಲೆ ಅದರ ರಭಸ ಬಹಳ. ಇದನ್ನು ಬೆಲೂನುಗಳನ್ನು ಹಾರಿಸಿ ಮೊದಲು ಅಳೆದವರಲ್ಲಿ ಓಇಷಿ ವಾಸಾಬುರೊ ಎಂಬ ಜಪಾನೀ ವಿಜ್ಞಾನಿಯು ಪ್ರಮುಖನು. ಲೋಕಕ್ಕೆಲ್ಲ ತಿಳಿಯಲೆಂದು 1926ರಲ್ಲಿ ಎಸ್ಪೆರಾಂಟೊ ಎಂಬ ಕೃತಕ ವಿಶ್ವಭಾಷೆಯಲ್ಲಿ ಅದನ್ನು ಪ್ರಕಟಿಸಿದನು. ಪರಿಣಾಮವಾಗಿ ಲೋಕದಲ್ಲಿ ಹೆಚ್ಚಾಗಿ ಯಾರೂ ಓದಲಿಲ್ಲ. ಯಜಮಾನರು ವಿಮಾನದಲ್ಲಿ ನಿದ್ರೆ ಮಾಡಲಿಲ್ಲ. ಕೋಲನ್ನು ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡು ಬಿಚ್ಚುವುದು, ಮಡಿಚುವುದು. ಬೆಂಗಳೂರು ಹತ್ತಿರವಾದಂತೆ ನಮಗೂ ಅದೇ ಚಿಂತೆ: ಇನ್ನು ಗುರುತಿನವರ ಊರು.

ನಡುರಾತ್ರಿ ದಾಟಿದ ಮೇಲೆ ಇಳಿದು, ಜಯನಗರದಲ್ಲಿರುವ ತಮ್ಮನ ಮನೆಯಲ್ಲಿ ವಿಶ್ರಮಿಸಿ, ಮರುದಿನ ಮೈಸೂರಿನ ರೈಲಿಗೆಂದು ಹೊರಟೆವು. ಮೆಟ್ರೋ ನಿಲ್ದಾಣದಲ್ಲಿ ಯಜಮಾನರ ಪಾದ ತಾನಾಗಿಯೇ ಹುಡುಕಿ, “ಇದೋ, ಇಲ್ಲಿಯೂ ಇದೆ!” ಎಂದರು. ನಿಜವೇ, ಅದೇ ಗೆರೆ, ಅದೇ ಚುಕ್ಕೆ, ಅದೇ ಹಳದಿ. 2011ರಲ್ಲಿ ಮೊದಲಾದ ಈ ರೈಲಿನಲ್ಲಿ ಎಷ್ಟೋ ಸಲ ಓಡಾಡಿದ್ದೇವೆ. ಓಕಾಯಾಮಾದ ವಸತಿಗೃಹದವನ ಬಿಲ್ಲೆ ನಮ್ಮ ಊರಿಗೆ ನಮಗಿಂತ ಮೊದಲೇ ಬಂದಿತ್ತು. ಆದರೆ ಅದಕ್ಕೆ ಮೊದಲು, ತಮ್ಮನ ಮನೆಯಿಂದ ನಿಲ್ದಾಣಕ್ಕೆ ಬರುವ ಹೊಸ ಕಾಲುದಾರಿಯಲ್ಲಿ ಹಾಸಿದ್ದ ಹಳದಿ ಪಟ್ಟೆಯು ನೇರವಾಗಿ ಒಂದು ವಿದ್ಯುತ್ ಕಂಬಕ್ಕೆ ಹೋಗಿ ಮುಗಿದಿತ್ತು. ಅದರಾಚೆ ಮೂರು ಮೋಟಾರ್ ಸೈಕಲ್ಲುಗಳು ಅದರ ಮೇಲೆಯೇ ನಿಂತಿದ್ದುವು. ಯಜಮಾನರು ಕೋಲಿನಿಂದ ಒಂದನ್ನು ತಟ್ಟಿ ನೋಡಿ, “ಅಲ್ಲಿ ಸೈಕಲ್ಲು, ಇಲ್ಲಿ ಮೋಟಾರ್ ಸೈಕಲ್ಲು, ನಾವೇ ಮುಂದುವರಿದವರು” ಎಂದರು. ಅಂಗವಿಕಲರ ಹಕ್ಕುಗಳಿಗೆ ನಮ್ಮಲ್ಲಿ 2016ರ ಕಾಯಿದೆಯಿದೆ. ಕಾಯಿದೆಗೆ ಕಂಬ ಅಡ್ಡ ಬರುವುದಿಲ್ಲ, ಕಾಲಿಗೆ ಬರುತ್ತದೆ.

ಮೈಸೂರಿನ ಮನೆಯಲ್ಲಿ ಆದ ಬದಲಾವಣೆಗಳು ಕೆಲವು. ಕೊಬ್ಬರಿ ಎಣ್ಣೆಯ ಶೀಸೆಗೆ ಒಂದು ರಬ್ಬರ್ ಪಟ್ಟಿ, ಎಳ್ಳೆಣ್ಣೆಯದಕ್ಕೆ ಎರಡು. ಬಾಗಿಲುಗಳನ್ನು ಪೂರ್ತಿ ತೆರೆದಿಡುವುದು, ಇಲ್ಲವೇ ಪೂರ್ತಿ ಮುಚ್ಚುವುದು. ಅರ್ಧ ತೆರೆದ ಬಾಗಿಲೇ ಹಣೆಗೆ ಶತ್ರು. ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣ. ತಟ್ಟೆಯಲ್ಲಿ ಅನ್ನ, ಪಲ್ಯ, ಉಪ್ಪಿನಕಾಯಿಗಳಿಗೆ ಬಾಳೆಯೆಲೆಯ ಕ್ರಮ. ಖರ್ಚು ಎಲ್ಲ ಸೇರಿ ನೂರು ರೂಪಾಯಿಗೆ ಮೀರಲಿಲ್ಲ. ಮಗಳು ಶಿವಮೊಗ್ಗೆಯಿಂದ ಬಂದಾಗ ಅವಳಿಗೂ ಒಂದು ಕೆಲಸವಾಯಿತು: ಅವಳಿಗೆ ನಲವತ್ತೊಂದು, ಕಣ್ಣಿನ ಪರೀಕ್ಷೆ ಮಾಡಿಸಿಕೊಂಡು ಹೋದಳು. ಸದ್ಯಕ್ಕೆ ದೋಷವಿಲ್ಲ, ವರ್ಷಕ್ಕೊಮ್ಮೆ ಬರಹೇಳಿದ್ದಾರೆ.

ಊರಿಗೆ ಬಂದ ಮೂರನೆಯ ದಿನ ಬೆಳಗ್ಗೆ ಕಾಫಿಪುಡಿ ಮುಗಿದಿತ್ತು. ಯಜಮಾನರು ಅಂಗಿ ಹಾಕಿಕೊಂಡು, ಗೂಟದಿಂದ ಕೋಲನ್ನು ತೆಗೆದುಕೊಂಡು ಹೊರಟರು. ನಾವು ಗೇಟಿನ ಬಳಿ ಹೂ ಬಿಡಿಸುವ ನೆಪದಲ್ಲಿ ನಿಂತೆವು. ಎದುರು ಮನೆಯವರು, ಅವರ ಹಳೆಯ ಶಿಷ್ಯರು, “ಏನು ಮೇಷ್ಟ್ರೇ, ಕಾಲಿಗೇನಾದರೂ ಪೆಟ್ಟಾಯಿತೇ?” ಎಂದು ಕೇಳಿದುದು ಕೇಳಿಸಿತು. ಯಜಮಾನರು ನಿಂತು, “ಕಾಲಲ್ಲಪ್ಪಾ, ಕಣ್ಣು” ಎಂದು ಹೇಳಿ, ಕೋಲಿನಿಂದ ಚರಂಡಿಯ ಅಂಚನ್ನು ನೋಡಿಕೊಂಡು ಅಂಗಡಿಯ ಕಡೆಗೆ ತಿರುಗಿದರು. ಅರ್ಧ ಘಂಟೆಯಲ್ಲಿ ಬಂದರು. ಕಾಫಿಪುಡಿಯಲ್ಲಿ ಚಿಕೋರಿ ಹೆಚ್ಚಾಗಿತ್ತು.